ಬಿಎಕ್ಸ್ ಬೋರ್ಡ್ ಇದೆಯಾ?

ಅಸೆಂಬ್ಲಿ ಕೆಲಸದಲ್ಲಿ ತಲೆ ನರೆತವರನ್ನು ಕೇಳಿ ನೋಡಿ, ಕಂಪ್ಯೂಟರ್ ಕಟ್ಟುವಾಗ ಎಲ್ಲಿ ಕೈ ಬಿಗಿ ಹಿಡಿಯಬಾರದು ಎಂದು. ಅರ್ಧ ಮಂದಿ ಎಸ್‌ಎಂಪಿಎಸ್ ಎನ್ನುತ್ತಾರೆ, ಉಳಿದವರು ಮದರ್‌ಬೋರ್ಡ್ ಎನ್ನುತ್ತಾರೆ. ನಾನು ಬೋರ್ಡಿನ ಪಕ್ಷ. ಗಿರಾಕಿಗಳ ಲೆಕ್ಕಾಚಾರವೇ ಬೇರೆ. ಮೊದಲು ಪ್ರೊಸೆಸರ್ ಯಾವುದು, ಆಮೇಲೆ ರ‍್ಯಾಮ್ ಎಷ್ಟು, ಹಾರ್ಡ್‌ಡಿಸ್ಕ್ ಎಷ್ಟು, ಚೀಟಿಯ ಕೊನೆಗೆ, ಉಳಿದ ದುಡ್ಡಿಗೆ, "ಬೋರ್ಡ್ ಯಾವ್ದೋ ಒಂದು ಹಾಕಿ ಕೊಡ್ರಿ." ಕಡಿಮೆ ದುಡ್ಡಿನಲ್ಲಿ ಹೆಚ್ಚು ವೇಗ ಹಿಂಡಿಕೊಳ್ಳುವ ಓವರ್‌ಕ್ಲಾಕಿಂಗ್ ಎಂಬ ಕಸುಬಿನ ಚರಿತ್ರೆಯೆಲ್ಲ ನಡೆದದ್ದು ಚೀಟಿಯ ಆ ಕೊನೆಯ ಸಾಲಿನಲ್ಲಿ.

ಈಗಿನ ಹುಡುಗರಿಗೆ ಓವರ್‌ಕ್ಲಾಕಿಂಗ್ ಎಂದರೆ ಬಣ್ಣದ ಲೈಟು, ಗಾಜಿನ ಕ್ಯಾಬಿನೆಟ್, ನೀರಿನ ಕೂಲರ್. ಅದು ಹುಟ್ಟಿದ್ದು ಮಾತ್ರ ಜಿಪುಣತನದಿಂದ. ಪ್ರೊಸೆಸರ್ ಕಂಪನಿ ಒಂದೇ ಅಚ್ಚಿನ ಚಿಪ್‌ಗಳನ್ನು ಪರೀಕ್ಷೆ ಮಾಡಿ, ಇದು ಇಷ್ಟು ವೇಗಕ್ಕೆ, ಅದು ಅಷ್ಟು ವೇಗಕ್ಕೆ ಎಂದು ವಿಂಗಡಿಸಿ ಬೇರೆ ಬೇರೆ ಬೆಲೆ ಕಟ್ಟುತ್ತದೆ. ಕಾರ್ಖಾನೆಯ ಕೈ ಪಳಗಿದ ಮೇಲೆ ಹೆಚ್ಚಿನ ಚಿಪ್‌ಗಳು ಮೇಲಿನ ವೇಗಕ್ಕೇ ಪಾಸಾಗತೊಡಗುತ್ತವೆ. ಆದರೆ ಪೇಟೆಯಲ್ಲಿ ಅಗ್ಗದ್ದನ್ನು ಕೇಳುವವರೇ ಜಾಸ್ತಿ. ಹಾಗಾಗಿ ಒಳ್ಳೆಯ ಚಿಪ್‌ನ ಮೇಲೂ ಕಡಿಮೆ ವೇಗದ ಮುದ್ರೆ ಬೀಳುತ್ತದೆ. ಆ ಮುದ್ರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಓಡಿಸುವುದು ನಮ್ಮ ಕೆಲಸ. ಓಡಿಸಲು ಬಿಡುವುದು ಬಿಡದಿರುವುದು ಬೋರ್ಡಿನ ಕೈಯಲ್ಲಿ.

ಈ ಜಗಳ 1984ರ ಐಬಿಎಂ ಪಿಸಿ ಎಟಿಯಷ್ಟು ಹಳೆಯದು. ಅದರ 80286 ಪ್ರೊಸೆಸರ್ ಓಡುತ್ತಿದ್ದದ್ದು 6 ಮೆಗಾಹರ್ಟ್ಸ್‌ನಲ್ಲಿ. ಬೋರ್ಡ್ ಮೇಲೆ 12 ಮೆಗಾಹರ್ಟ್ಸ್‌ನ ಒಂದು ಕ್ರಿಸ್ಟಲ್ ಇತ್ತು, ಅದರ ಅರ್ಧ ವೇಗ ಪ್ರೊಸೆಸರಿಗೆ. ಕ್ರಿಸ್ಟಲ್ಲನ್ನು ಸಾಕೆಟ್ಟಿನಲ್ಲಿ ಕೂರಿಸಿದ್ದರು, ಕಿತ್ತರೆ ಬರುತ್ತಿತ್ತು. ಅಮೆರಿಕದ ಬಳಕೆದಾರರು ಅದನ್ನು ಕಿತ್ತು 16 ಮೆಗಾಹರ್ಟ್ಸ್‌ನದನ್ನು ಹಾಕಿದರು. ಚಿಲ್ಲರೆ ಖರ್ಚಿನಲ್ಲಿ ಸಾವಿರಾರು ಡಾಲರಿನ ಯಂತ್ರ ಮೂರನೇ ಒಂದು ಪಾಲು ಚುರುಕಾಯಿತು. ಐಬಿಎಂ ಸುಮ್ಮನಿರಲಿಲ್ಲ. ಮುಂದಿನ ಬಯಾಸ್‌ನಲ್ಲಿ ಆನ್ ಆದ ಕೂಡಲೇ ವೇಗ ಅಳೆಯುವ ಒಂದು ಪರೀಕ್ಷೆ ಸೇರಿಸಿತು. ವೇಗ ಹೆಚ್ಚಾಗಿ ಕಂಡರೆ ಯಂತ್ರ ಏಳುತ್ತಲೇ ಇರಲಿಲ್ಲ. ಬಳಸುವವರು ಸಂದಿ ಹುಡುಕುವುದು, ಮಾಡುವವರು ಮುಚ್ಚುವುದು, ಮಧ್ಯೆ ಬೋರ್ಡ್. ನಲವತ್ತು ವರ್ಷ ಕಳೆದರೂ ಆಟ ಇದೇ.

ನಾನು ಈ ಕೆಲಸಕ್ಕೆ ಇಳಿದಾಗ ಕ್ರಿಸ್ಟಲ್ ಕೀಳುವ ಕಾಲ ಮುಗಿದು ಜಂಪರ್ ಕಾಲ ನಡೆಯುತ್ತಿತ್ತು. ಊರು ಬಳ್ಳಾರಿ, ಸಾಮಾನು ಬೆಂಗಳೂರಿನ ಎಸ್.ಪಿ. ರೋಡಿನದು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಂಗಡಿ ತೆರೆಯುವಷ್ಟರಲ್ಲಿ ಟೌನ್‌ಹಾಲ್ ದಾಟಿ ಆ ಇಕ್ಕಟ್ಟಿನ ರಸ್ತೆಯಲ್ಲಿ ನಿಂತಿರುತ್ತಿದ್ದೆ. ನೆಲಮಹಡಿಯಲ್ಲಿ ಕೇಬಲ್ಲು, ಟ್ರಾನ್ಸ್‌ಫಾರ್ಮರ್, ರೆಸಿಸ್ಟರ್ ಮಾರುವವರು. ಬೋರ್ಡ್, ಪ್ರೊಸೆಸರ್ ವ್ಯಾಪಾರವೆಲ್ಲ ಮೇಲ್ಮಹಡಿಯ ಪುಟ್ಟ ಪುಟ್ಟ ಕೋಣೆಗಳಲ್ಲಿ. "ಬಿಲ್ ಬೇಕಾ, ಬಿಲ್ ಇಲ್ದೆ ಬೇಕಾ?" ಎಂಬುದೇ ಮೊದಲ ಪ್ರಶ್ನೆ, ಎರಡಕ್ಕೂ ಎರಡು ರೇಟು.

ಅಲ್ಲಿ ಆಗ ದೊಡ್ಡ ಭಯವೆಂದರೆ ರಿಮಾರ್ಕ್. ಕಡಿಮೆ ವೇಗದ ಪೆಂಟಿಯಂ ಚಿಪ್‌ನ ಮುದ್ರೆ ಉಜ್ಜಿ ತೆಗೆದು, ಮೇಲಿನ ವೇಗ ಅಚ್ಚು ಹಾಕಿ ಮಾರುವ ದಂಧೆ ಜಗತ್ತಿನಾದ್ಯಂತ ಇತ್ತು. ಯೋಚಿಸಿದರೆ ಅದೂ ಓವರ್‌ಕ್ಲಾಕಿಂಗೇ. ಲಾಭ ಮಾತ್ರ ಕೊಂಡವನಿಗಲ್ಲ, ಮಾರಿದವನಿಗೆ. ಇಂಟೆಲ್ ಇದನ್ನೇ ಕಾರಣವಾಗಿ ಹೇಳಿ ಪ್ರೊಸೆಸರಿನ ಗುಣಕಕ್ಕೆ, ಅಂದರೆ ಮಲ್ಟಿಪ್ಲೈಯರಿಗೆ, ಬೀಗ ಹಾಕಿತು. ಬೋರ್ಡ್ ಒಂದು ತಾಳ ಹಾಕುತ್ತದೆ, ಪ್ರೊಸೆಸರ್ ಆ ತಾಳದ ನಾಲ್ಕೂವರೆ ಪಟ್ಟು, ಐದು ಪಟ್ಟು ವೇಗದಲ್ಲಿ ಓಡುತ್ತದೆ. ಮೊದಲು ಎರಡನ್ನೂ ಜಂಪರಿನಿಂದ ಬದಲಿಸಬಹುದಿತ್ತು. ಬೀಗ ಬಿದ್ದ ಮೇಲೆ ಪಟ್ಟು ಕಾರ್ಖಾನೆಯಲ್ಲೇ ನಿಗದಿ. ಮಿಕ್ಕಿದ್ದು ತಾಳ, ಅಂದರೆ ಬಸ್ ವೇಗ. ಅದು ಬೋರ್ಡಿನದು.

ಆಗ ಬಂದದ್ದು ಸೆಲೆರಾನ್ 300ಎ.

ಸೆಲೆರಾನ್ ಹೆಸರಿಗೆ ಅಷ್ಟರಲ್ಲಾಗಲೇ ಮಸಿ ಹತ್ತಿತ್ತು. 1998ರ ಏಪ್ರಿಲ್‌ನಲ್ಲಿ ಬಂದ ಮೊದಲ ಸೆಲೆರಾನಿಗೆ ಎರಡನೇ ಹಂತದ ಕ್ಯಾಶೇ ಇರಲಿಲ್ಲ. ವಿಮರ್ಶಕರು ಉಗಿದರು. ಆಗಸ್ಟಿನಲ್ಲಿ ಇಂಟೆಲ್ ತಿದ್ದಿಕೊಂಡು 128 ಕೆಬಿ ಕ್ಯಾಶೇಯನ್ನು ಚಿಪ್‌ನ ಒಳಗೇ ಇಟ್ಟಿತು. ದುಬಾರಿ ಪೆಂಟಿಯಂ-2ರಲ್ಲಿ 512 ಕೆಬಿ ಇತ್ತು, ಆದರೆ ಅದು ಚಿಪ್‌ನ ಹೊರಗೆ ಕೂತು ಅರ್ಧ ವೇಗದಲ್ಲಿ ಓಡುತ್ತಿತ್ತು. ಸೆಲೆರಾನಿನದು ಚಿಕ್ಕದು, ಪೂರ್ತಿ ವೇಗದ್ದು. ಅಗ್ಗದ ಮಾಲು ದುಬಾರಿ ಮಾಲನ್ನು ಹಿಮ್ಮೆಟ್ಟಿಸುವ ಸ್ಥಿತಿಯನ್ನು ಕಂಪನಿಯೇ ತಂದುಕೊಂಡಿತ್ತು. 300ಎ ಬಿಡುಗಡೆಯ ಸಗಟು ಬೆಲೆ 149 ಡಾಲರ್, ಅದೇ ದಿನ ಬಂದ 450 ಮೆಗಾಹರ್ಟ್ಸ್ ಪೆಂಟಿಯಂ-2ರದು 669 ಡಾಲರ್. ಡಾಲರಿಗೆ ಸುಮಾರು 42 ರೂಪಾಯಿ ಇದ್ದ ಕಾಲ. ಆರು ಸಾವಿರ ಚಿಲ್ಲರೆ ಎಲ್ಲಿ, ಇಪ್ಪತ್ತೆಂಟು ಸಾವಿರ ಎಲ್ಲಿ!

ಲೆಕ್ಕ ನೋಡಿ. 66 ಮೆಗಾಹರ್ಟ್ಸ್ ಬಸ್ಸು, ಪಟ್ಟು 4.5, ಒಟ್ಟು 300. ಬಸ್ಸನ್ನು 100ಕ್ಕೆ ಏರಿಸಿದರೆ 450. ಆದರೆ ಬಸ್ ಏರಿಸಿದಾಗ ಪ್ರೊಸೆಸರ್ ಒಂದೇ ಓಡುವುದಿಲ್ಲ. ಅದರ ಹಿಂದೆ ಪಿಸಿಐ ಸ್ಲಾಟು, ಎಜಿಪಿ ಕಾರ್ಡು, ಹಾರ್ಡ್‌ಡಿಸ್ಕಿನ ಕಂಟ್ರೋಲರ್ ಎಲ್ಲವೂ ಓಡಬೇಕು. 66ರ ಬಸ್ಸಿನಲ್ಲಿ ಪಿಸಿಐಗೆ ಅರ್ಧ, ಅಂದರೆ 33. ಅಕ್ಕಪಕ್ಕದವರು ಕೆಲವರು ಧೈರ್ಯ ಸಾಲದೆ 83ರಲ್ಲಿ ನಿಲ್ಲಿಸುತ್ತಿದ್ದರು. ಅದೇ ಅಪಾಯ. 83ರ ಅರ್ಧ 41.5, ಹಾರ್ಡ್‌ಡಿಸ್ಕಿನಲ್ಲಿ ಫೈಲುಗಳು ಒಂದೊಂದಾಗಿ ಕೆಡುತ್ತಾ ಹೋಗುತ್ತಿದ್ದವು. 100ಕ್ಕೆ ಹೋದರೆ ಬೋರ್ಡ್ ಮೂರನೇ ಒಂದು ಪಾಲು ಕೊಡುತ್ತಿತ್ತು, ಪಿಸಿಐ ಮತ್ತೆ 33ಕ್ಕೆ. ಎಜಿಪಿಗೆ ಮೂರನೇ ಎರಡು ಪಾಲು, ಅದೂ ಸರಿಯಾಗಿ 66. ಪ್ರೊಸೆಸರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ತನ್ನ ಹದದಲ್ಲೇ ಇರುವ ಓವರ್‌ಕ್ಲಾಕ್. ಅರ್ಧ ದಾರಿ ಹೋಗುವುದಕ್ಕಿಂತ ಪೂರ್ತಿ ಹೋಗುವುದೇ ಕ್ಷೇಮ ಎಂಬಂಥ ಸಂದರ್ಭ ಈ ಕಸುಬಿನಲ್ಲಿ ಮತ್ತೆ ಅಷ್ಟು ಅಚ್ಚುಕಟ್ಟಾಗಿ ಸಿಗಲಿಲ್ಲ.

ಆ 100 ಕೊಡುವ ಬೋರ್ಡ್ ಬೇಕಿತ್ತು. ಸೆಲೆರಾನಿಗೆಂದೇ ಇಂಟೆಲ್ 440ಇಎಕ್ಸ್ ಎಂಬ ಅಗ್ಗದ ಚಿಪ್‌ಸೆಟ್ ಮಾಡಿತ್ತು, ಅದು 66ಕ್ಕೇ ನಿಲ್ಲುತ್ತಿತ್ತು. 440ಬಿಎಕ್ಸ್ ಬೋರ್ಡ್ ಪೆಂಟಿಯಂ-2ಗೆಂದು ಮಾಡಿದ್ದು, ದುಬಾರಿ. ಹಾಗಾಗಿ ಎಸ್.ಪಿ. ರೋಡಿನ ಮಹಡಿ ಹತ್ತಿ "ಬಿಎಕ್ಸ್ ಬೋರ್ಡ್ ಇದೆಯಾ?" ಎಂದು ಕೇಳಿ, ಜತೆಗೆ ಸೆಲೆರಾನ್ ಕೊಡಿ ಎಂದರೆ ಗಲ್ಲೆಯ ಮೇಲಿದ್ದ ಸೇಠು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. "ಯಾಕ್ ಸಾರ್ ಸುಮ್ನೆ ದುಡ್ಡು ಹಾಳು? ಸೆಲೆರಾನಿಗೆ ಇಎಕ್ಸ್ ಸಾಕು, ಚೆನ್ನಾಗಿ ಓಡ್ತದೆ." ಒಳ್ಳೆಯ ಮನುಷ್ಯ, ನನ್ನ ದುಡ್ಡು ಉಳಿಸಲು ನೋಡುತ್ತಿದ್ದರು. ಬೋರ್ಡಿಗೆ ಹೆಚ್ಚು ಕೊಟ್ಟು ಪ್ರೊಸೆಸರಿನಲ್ಲಿ ಅದರ ಹಲವು ಪಟ್ಟು ಉಳಿಸುವ ಲೆಕ್ಕವನ್ನು ನಾನು ಅವರಿಗೆ ವಿವರಿಸಲು ಹೋಗಲಿಲ್ಲ. ವಿವರಿಸಿದ್ದರೆ ಬಿಎಕ್ಸ್ ರೇಟು ಏರುತ್ತಿತ್ತು.

ಎಲ್ಲರ ಬಾಯಲ್ಲೂ ಇದ್ದ ಬೋರ್ಡ್ ತೈವಾನಿನ ಅಬಿಟ್ ಕಂಪನಿಯ ಬಿಎಚ್‌-6. ಜಂಪರ್ ಹುಡುಕುವ ಕಷ್ಟವಿಲ್ಲ; ಬಯಾಸ್ ಒಳಗೆ ಸಾಫ್ಟ್‌ಮೆನು ಎಂಬ ಪುಟ, ಬಸ್ ವೇಗ, ವೋಲ್ಟೇಜು ಎಲ್ಲ ಕೀಲಿಮಣೆಯಿಂದಲೇ. ಅಂಥ ಬೋರ್ಡ್ ಸಿಗದವರಿಗೂ ಉಪಾಯವಿತ್ತು. 300ಎ ಬರುತ್ತಿದ್ದದ್ದು ಪೆಟ್ಟಿಗೆಯಿಲ್ಲದ ಬರಿಯ ಹಸಿರು ಕಾರ್ಡಿನ ಮೇಲೆ, ಉದ್ದಕ್ಕೆ ಚಿನ್ನದ ಬಣ್ಣದ ಹಲ್ಲುಗಳು, ಸ್ಲಾಟ್-1ಕ್ಕೆ ಕೂರಿಸುವಂಥದು. ಬಿ-21 ಎಂಬ ಹಲ್ಲು "ನಾನು 66ರವನು" ಎಂದು ಬೋರ್ಡಿಗೆ ಹೇಳುತ್ತಿತ್ತು. ಆ ಒಂದು ಹಲ್ಲನ್ನು ಮುಚ್ಚಿದರೆ ಬಿಎಕ್ಸ್ ಬೋರ್ಡ್ ಇದನ್ನು 100ರವನೆಂದು ನಂಬುತ್ತಿತ್ತು. ಸೆಲೋಟೇಪನ್ನು ಒಂದು ಮಿಲಿಮೀಟರ್ ಅಗಲಕ್ಕೆ ಬ್ಲೇಡಿನಿಂದ ಸೀಳಿ ಅಂಟಿಸಬೇಕು. ಸ್ಲಾಟಿಗೆ ತುರುಕುವಾಗ ಅದು ಸುರುಳಿ ಸುತ್ತಿಕೊಂಡು ಪಕ್ಕದ ಹಲ್ಲಿಗೆ ಹತ್ತುತ್ತಿತ್ತು. ನನ್ನ ಹೆಂಡತಿಯ ನೇಲ್ ಪಾಲಿಶ್ ಉತ್ತಮ ಎಂದು ಬೇಗ ಗೊತ್ತಾಯಿತು. ಒಂದು ಹನಿ, ಅರ್ಧ ಗಂಟೆ ಒಣಗಲು.

ಮಲೇಷ್ಯಾ ಎಂದು ಮುದ್ರೆ ಇದ್ದ ಚಿಪ್ ಹೆಚ್ಚು ಏರುತ್ತದೆ, ಕೋಸ್ಟರಿಕಾದ್ದು ಏರುವುದಿಲ್ಲ ಎಂದು ಒಬ್ಬರು, ಅದರ ಉಲ್ಟಾ ಇನ್ನೊಬ್ಬರು. ನನಗಂತೂ ಎರಡರಲ್ಲೂ ಒಳ್ಳೆಯವು ಕೆಟ್ಟವು ಸಿಕ್ಕಿವೆ. ಊರಿನ ಹವೆಯ ಲೆಕ್ಕವೇ ಅದಕ್ಕಿಂತ ದೊಡ್ಡದು. ಎಸ್.ಪಿ. ರೋಡಿನ ಕೋಣೆಯಲ್ಲಿ ದಿನವಿಡೀ 450ರಲ್ಲಿ ಓಡಿದ ಯಂತ್ರ ಬಳ್ಳಾರಿಯ ಏಪ್ರಿಲ್‌ನಲ್ಲಿ, 40 ಡಿಗ್ರಿಯಲ್ಲಿ, ಮಧ್ಯಾಹ್ನ ಎರಡಕ್ಕೆ ಹ್ಯಾಂಗ್. ಹಾಗಾಗಿ ನನ್ನ ಪರೀಕ್ಷೆ ಯಾವಾಗಲೂ ಮಧ್ಯಾಹ್ನವೇ, ಫ್ಯಾನ್ ಆಫ್ ಮಾಡಿ.

1999ರ ಲೋಕಸಭೆ ಚುನಾವಣೆ ನೆನಪಿರಬೇಕು: ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್. ದೇಶದ ಟಿವಿಯವರೆಲ್ಲ ನಮ್ಮೂರಿನಲ್ಲಿ. ಡಿಟಿಪಿ ಸೆಂಟರುಗಳಿಗೆ ನಿದ್ದೆಯಿಲ್ಲ. ನನ್ನ ಒಬ್ಬ ಗಿರಾಕಿ ಕೋರೆಲ್‌ಡ್ರಾದಲ್ಲಿ ಎರಡೂ ಪಕ್ಷದ ಕರಪತ್ರ ಮಾಡುತ್ತಿದ್ದರು, ಒಂದೇ ಯಂತ್ರದಲ್ಲಿ, ಎರಡು ಫೋಲ್ಡರಿನಲ್ಲಿ. ದೊಡ್ಡ ಫೋಟೋ ಇದ್ದ ಪುಟ ತೆರೆಯಲು ಹಳೆಯ ಪೆಂಟಿಯಂ ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಚಹಾ ಕುಡಿದು ಬರಬಹುದಿತ್ತು. ಅದನ್ನು ತೆಗೆದು ಬಿಎಕ್ಸ್ ಬೋರ್ಡು, 450ರ ಸೆಲೆರಾನ್ ಕೂರಿಸಿಕೊಟ್ಟೆ. "ಇದು ಎಷ್ಟರದು ಅಂತ ಯಾರಾದ್ರೂ ಕೇಳಿದ್ರೆ ಏನ್ ಹೇಳ್ಬೇಕ್ರಿ?" ಎಂದರು. ಬಿಲ್ಲಿನಲ್ಲಿ ಇರುವುದನ್ನೇ ಹೇಳಿ, 300 ಎಂದೆ.

ಅದೇ ವರ್ಷ ಅಬಿಟ್ ಇನ್ನೊಂದು ಕಿಡಿಗೇಡಿತನ ಮಾಡಿತು. ಸೆಲೆರಾನ್ ಜೋಡಿ ಪ್ರೊಸೆಸರಿನ ಯಂತ್ರಕ್ಕಲ್ಲ ಎಂಬುದು ಇಂಟೆಲ್‌ನ ನಿಲುವು. ಬಿಪಿ-6 ಎಂಬ ಬೋರ್ಡಿನಲ್ಲಿ ಅಬಿಟ್ ಎರಡು ಸೆಲೆರಾನ್ ಕೂರಿಸಿ ತೋರಿಸಿತು. ನಮ್ಮ ಕಡೆ ಅದಕ್ಕೆ ಗಿರಾಕಿ ಕಡಿಮೆ; ವಿಂಡೋಸ್ 98ಗೆ ಎರಡನೆಯ ಪ್ರೊಸೆಸರ್ ಕಣ್ಣಿಗೇ ಬೀಳುತ್ತಿರಲಿಲ್ಲ.

2000ದಲ್ಲಿ ಎಎಂಡಿಯ ಡ್ಯುರಾನ್, ಥಂಡರ್‌ಬರ್ಡ್ ಬಂದವು. ಇವುಗಳ ಗುಣಕದ ಬೀಗ ಚಿಪ್‌ನ ಬೆನ್ನ ಮೇಲೇ ಇತ್ತು: ಎಲ್-1 ಎಂದು ಬರೆದ ಜಾಗದಲ್ಲಿ ಕತ್ತರಿಸಿದ ಪುಟ್ಟ ತಾಮ್ರದ ಸೇತುವೆಗಳು. ಚೂಪಾಗಿ ಕೆತ್ತಿದ ಪೆನ್ಸಿಲಿನಿಂದ ಆ ಎರಡು ಚುಕ್ಕಿಗಳ ನಡುವೆ ಗೆರೆ ಎಳೆದರೆ ಗ್ರಾಫೈಟಿನಲ್ಲಿ ವಿದ್ಯುತ್ ಹರಿದು ಬೀಗ ತೆರೆಯುತ್ತಿತ್ತು. ಮಗನ ಕಂಪಾಸ್ ಪೆಟ್ಟಿಗೆಯ ನಟರಾಜ ಪೆನ್ಸಿಲ್ ಸಾಕು. ಆದರೆ ಬದಲಾದ ಗುಣಕವನ್ನು ಕೇಳುವ ಬೋರ್ಡ್ ಬೇಕು, ಮತ್ತೆ ಬಂತು ಚೀಟಿಯ ಕೊನೆಯ ಸಾಲು. ಮುಂದೆ ಅಥ್ಲಾನ್ ಎಕ್ಸ್‌ಪಿಯಲ್ಲಿ ಎಎಂಡಿ ಆ ಚುಕ್ಕಿಗಳ ನಡುವೆ ಲೇಸರಿನಿಂದ ಗುಂಡಿ ತೋಡಿತು. ಪೆನ್ಸಿಲ್ ಹೋಗಿ ಫೆವಿಕ್ವಿಕ್, ಬೆಳ್ಳಿಯ ಬಣ್ಣ ಬಂದವು. ಅದು ನನ್ನ ತಾಳ್ಮೆಗೆ ಮೀರಿದ್ದು.

ಈ ಕಾಲದ ಬೋರ್ಡ್‌ಗಳನ್ನು ಕೊಂದದ್ದು ಓವರ್‌ಕ್ಲಾಕಿಂಗ್ ಅಲ್ಲ, ಕೆಪಾಸಿಟರ್. 2000ದ ಆಸುಪಾಸಿನಿಂದ ಕೆಲವು ವರ್ಷ ತೈವಾನಿನಲ್ಲಿ ತಯಾರಾದ ಎಷ್ಟೋ ಕೆಪಾಸಿಟರುಗಳ ಒಳಗಿನ ದ್ರಾವಣ ಸರಿಯಿರಲಿಲ್ಲ. ಒಳಗೆ ಅನಿಲ ಹುಟ್ಟಿ ನೆತ್ತಿ ಉಬ್ಬಿ, ಸೀಳಿ, ಕಂದು ಬಣ್ಣದ ಜಿಗುಟು ಹೊರಗೆ ಬರುತ್ತಿತ್ತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಯಂತ್ರಗಳೇ ಕೆಟ್ಟವು. ನನ್ನ ಮೇಜಿಗೆ ಬಂದವು ಬಹುತೇಕ ಒಂದೇ ಥರ: ಬೆಳಿಗ್ಗೆ ಆನ್ ಆಗುವುದಿಲ್ಲ, ನಾಲ್ಕೈದು ಸಲ ಒತ್ತಿದರೆ ಆಗುತ್ತದೆ, ಒಂದು ದಿನ ಪೂರ್ತಿ ಡೆಡ್. ಪ್ರೊಸೆಸರ್ ಸಾಕೆಟ್ಟಿನ ಪಕ್ಕದ ಸಾಲು ನೋಡಿದರೆ ರೋಗ ಕಣ್ಣಿಗೇ ಕಾಣುತ್ತಿತ್ತು. ಆ ಸಾಲೇ ಏಕೆ ಎಂದರೆ, ಎಸ್‌ಎಂಪಿಎಸ್ಸಿನಿಂದ ಬಂದ ವೋಲ್ಟೇಜನ್ನು ಪ್ರೊಸೆಸರಿಗೆ ಬೇಕಾದ ಒಂದೂವರೆ ವೋಲ್ಟಿಗೆ ಇಳಿಸುವ ಜಾಗ ಅದು. ಕರೆಂಟು ಹತ್ತಾರು ಆಂಪಿಯರ್. ಓವರ್‌ಕ್ಲಾಕ್ ಮಾಡಿದ ಬೋರ್ಡಿನಲ್ಲಿ ಈ ಭಾಗ ಇನ್ನಷ್ಟು ಬಿಸಿ, ಹಾಗಾಗಿ ಸಾವು ಇನ್ನಷ್ಟು ಬೇಗ. ವಾರಂಟಿಗೆ ಕಳಿಸಿದ ಒಂದು ಬೋರ್ಡ್ ತಿಂಗಳುಗಟ್ಟಲೆ ಕಳೆದು, ಅದೇ ಉಬ್ಬಿದ ಕೆಪಾಸಿಟರಿನೊಂದಿಗೆ, "ಟೆಸ್ಟೆಡ್ ಓಕೆ" ಸ್ಟಿಕರ್ ಹಚ್ಚಿಕೊಂಡು ವಾಪಸ್ ಬಂತು. ಆಮೇಲೆ ನಾನೇ ಸೋಲ್ಡರಿಂಗ್ ಐರನ್ ಹಿಡಿದೆ. 6.3 ವೋಲ್ಟಿನ ಜಾಗಕ್ಕೆ 10 ವೋಲ್ಟಿನವು, ಎಸ್.ಪಿ. ರೋಡಿನ ನೆಲಮಹಡಿಯಿಂದ. ಕಷ್ಟ ಇದ್ದದ್ದು ಹಳೆಯದರ ಕಾಲಿನ ತೂತಿನಿಂದ ಸೀಸ ತೆಗೆಯುವುದರಲ್ಲಿ. ಒಳಪದರದ ತಾಮ್ರ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಸಾಧಾರಣ 25 ವ್ಯಾಟಿನ ಐರನ್ ಅಲ್ಲಿ ಸೋಲುತ್ತದೆ.

ಅಂದಿನಿಂದ ಬೋರ್ಡ್ ಕೈಗೆ ಬಂದರೆ ನಾನು ಮೊದಲು ನೋಡುವುದು ಆ ಮೂಲೆ. ಎಷ್ಟು ಫೇಸು, ಮಾಸ್‌ಫೆಟ್ ಮೇಲೆ ಹೀಟ್‌ಸಿಂಕ್ ಇದೆಯೋ ಬೋಳೋ. 2012ರ ಎಎಂಡಿ ಎಫ್‌ಎಕ್ಸ್-8350 ಈ ಪಾಠವನ್ನು ಬಹಳ ಜನರಿಗೆ ಕಲಿಸಿತು. ಪ್ರೊಸೆಸರ್ 125 ವ್ಯಾಟಿನದು. ಅಗ್ಗದ ಬೋರ್ಡ್ ಅದನ್ನು ಹೇಗೋ ಎಬ್ಬಿಸುತ್ತಿತ್ತು, ಕೆಲಸ ಜೋರಾದಾಗ ಆ ಮೂಲೆ ಕಾದು ವೇಗ ತಾನಾಗಿ ಅರ್ಧಕ್ಕೂ ಕೆಳಗೆ ಇಳಿಯುತ್ತಿತ್ತು. ಓವರ್‌ಕ್ಲಾಕ್ ಮಾಡಲು ಹೋದವರಿಗೆ ಮುದ್ರೆಯ ವೇಗವೂ ಸಿಗಲಿಲ್ಲ.

ಕೋರ್-2 ಕಾಲ ಸುಖದ ಕಾಲ, ಹೆಚ್ಚು ಹೇಳುವುದಿಲ್ಲ. 2007ರ ಪೆಂಟಿಯಂ ಇ-2160, 200ರ ಬಸ್ಸು, ಪಟ್ಟು ಒಂಬತ್ತು, 1.8 ಗಿಗಾಹರ್ಟ್ಸ್, ಪಿ-35 ಚಿಪ್‌ಸೆಟ್ಟಿನ ಒಂದು ಸಾಧಾರಣ ಗಿಗಾಬೈಟ್ ಬೋರ್ಡಿನಲ್ಲಿ ಬಸ್ಸನ್ನು 333 ಮಾಡಿದರೆ 3 ಗಿಗಾಹರ್ಟ್ಸ್. ಗಿರಾಕಿಗಳು ಮಾತ್ರ ಇಂಟೆಲ್‌ನದೇ ಬೋರ್ಡ್ ಬೇಕು, ಅದೇ ಒರಿಜಿನಲ್ ಎನ್ನುತ್ತಿದ್ದರು. ಗಟ್ಟಿ ಬೋರ್ಡ್ ನಿಜ, ಆದರೆ ಅದರ ಅಗ್ಗದ ಮಾದರಿಗಳ ಬಯಾಸಿನಲ್ಲಿ ನನಗೆ ಕೈಯಾಡಿಸಲು ಏನೂ ಇರುತ್ತಿರಲಿಲ್ಲ. 2008ರ ಕೊನೆಗೆ ಅಬಿಟ್ ಬೋರ್ಡ್ ವ್ಯಾಪಾರವನ್ನೇ ಮುಚ್ಚಿತು. ಕಾಯಿಲೆ ಬಿದ್ದವರ ಸುದ್ದಿ ಮೊದಲೇ ಗೊತ್ತಿರುವಂತೆ ಗೊತ್ತಿತ್ತು, ಆದರೂ ಬೇಸರವಾಯಿತು.

2011ರ ಜನವರಿಯಲ್ಲಿ ಇಂಟೆಲ್‌ನ ಸ್ಯಾಂಡಿ ಬ್ರಿಜ್ ಪೀಳಿಗೆ ಬಂದು ಬಾಗಿಲು ಹಾಕಿತು. ಪ್ರೊಸೆಸರ್, ಪಿಸಿಐ ಎಕ್ಸ್‌ಪ್ರೆಸ್, ಸಾಟಾ, ಯುಎಸ್‌ಬಿ ಎಲ್ಲಕ್ಕೂ ಒಂದೇ 100 ಮೆಗಾಹರ್ಟ್ಸ್ ಮೂಲ. ಐದಾರು ಏರಿಸಿದರೆ ಎಲ್ಲವೂ ಒಟ್ಟಿಗೆ ತೊದಲುತ್ತವೆ. ಓವರ್‌ಕ್ಲಾಕ್ ಬೇಕಾದರೆ ಹೆಸರಿನ ಕೊನೆಗೆ "ಕೆ" ಇರುವ ಪ್ರೊಸೆಸರ್ ಕೊಳ್ಳಿ, ಅದಕ್ಕೆ ಪಿ-67 ಅಥವಾ ಝಡ್-68 ಬೋರ್ಡೇ ಕೊಳ್ಳಿ, ಎಚ್-61ರಲ್ಲಿ ಆಗದು. ಅಗ್ಗದ ಚಿಪ್, ಒಳ್ಳೆಯ ಬೋರ್ಡ್ ಎಂಬ ನಮ್ಮ ಹಳೆಯ ಲೆಕ್ಕ ಅಲ್ಲಿಗೆ ಮುರಿಯಿತು. ಎರಡೂ ಕಡೆ ದುಬಾರಿ ಕೊಟ್ಟು ಓವರ್‌ಕ್ಲಾಕ್ ಮಾಡುವುದಾದರೆ ಅದು ಶೋಕಿ, ಉಳಿತಾಯವಲ್ಲ. ನನಗೆ ಇಂಟೆಲ್ ಮೇಲೆ ಈಗಲೂ ಇರುವ ಸಿಟ್ಟು ಇದೊಂದೇ.

ಮಧ್ಯೆ ಸಣ್ಣಪುಟ್ಟ ಸಂದಿಗಳು ಕಂಡವು. 2014ರಲ್ಲಿ ಪೆಂಟಿಯಂ ಹೆಸರಿಗೆ ಇಪ್ಪತ್ತು ತುಂಬಿದ ನೆನಪಿಗೆ ಜಿ-3258 ಎಂಬ ಬೀಗವಿಲ್ಲದ ಅಗ್ಗದ ಚಿಪ್ ಬಂತು. ತೈವಾನಿನ ಬೋರ್ಡ್ ಕಂಪನಿಗಳು ಹೊಸ ಬಯಾಸ್ ಬಿಟ್ಟು ಎಚ್-81ರಂಥ ಬಡ ಬೋರ್ಡಿನಲ್ಲೂ ಅದನ್ನು ಏರಿಸಲು ಬಿಟ್ಟವು. 2015ರ ಕೊನೆಗೆ ಇಂಟೆಲ್‌ನ ಸ್ಕೈಲೇಕ್ ಪೀಳಿಗೆಯ ಬೀಗ ಹಾಕಿದ ಚಿಪ್‌ಗಳನ್ನೂ ಬಸ್ ಮೂಲಕ ಏರಿಸುವ ಬಯಾಸ್‌ಗಳು ಬಂದವು. ಕೆಲವೇ ವಾರಗಳಲ್ಲಿ ಅವು ವಾಪಸ್ ಹೋದವು. ಅದೇ ಹಳೆಯ ಐಬಿಎಂ ಕಥೆ.

2017ರಲ್ಲಿ ಎಎಂಡಿಯ ರೈಜೆನ್ ಬಂದಾಗ ನಮ್ಮ ಲೆಕ್ಕ ಮತ್ತೆ ಜೀವ ಹಿಡಿಯಿತು. ಪ್ರೊಸೆಸರ್ ಎಲ್ಲಕ್ಕೂ ಬೀಗ ತೆಗೆದಿತ್ತು. ಬೋರ್ಡಿನಲ್ಲಿ ಎಕ್ಸ್-370 ದುಬಾರಿ, ಬಿ-350 ನಡುವಿನದು, ಎ-320 ತಳದ್ದು. ಓವರ್‌ಕ್ಲಾಕ್ ಬಿ-350ಕ್ಕೂ ಇತ್ತು, ಎ-320ಗೆ ಇರಲಿಲ್ಲ. ಅಕ್ಕನ ಮಗ ರೈಜೆನ್ 5 1600 ಕೊಂಡು ಬಂದು ಬೋರ್ಡಿನ ಹತ್ತಿರ ಕೈ ಬಿಗಿ ಹಿಡಿದ. "ಮಾಮ, ಎ-320 ಎರಡ್ ಸಾವಿರ ಕಡಿಮೆ ಐತಲ್ಲ, ಸ್ಲಾಟು ಅದೇ, ಸಾಕೆಟ್ಟು ಅದೇ." "ಆ ಎರಡ್ ಸಾವಿರ ನಾನ್ ಕೊಡ್ತೀನಿ, ಬಿ-350 ತಗಾ. ಹೀಟ್‌ಸಿಂಕ್ ಇರೋದು ನೋಡಿ ತಗಾ" ಎಂದೆ. 3.2ರ ಚಿಪ್ ಆರೂ ಕೋರಿನಲ್ಲಿ 3.8ಕ್ಕೆ ನಿಂತಿತು. ಎಎಂಡಿ ಎಎಂ-4 ಸಾಕೆಟ್ಟನ್ನು ವರ್ಷಗಟ್ಟಲೆ ಉಳಿಸಿಕೊಂಡಿತು, ಆದರೂ ಬಯಾಸ್ ಚಿಪ್‌ನ ಜಾಗ 16 ಎಂಬಿ ಸಾಲದೆ ಕೆಲವು ಬೋರ್ಡ್‌ಗಳಲ್ಲಿ ಹೊಸ ಪ್ರೊಸೆಸರಿಗಾಗಿ ಹಳೆಯದರ ಬೆಂಬಲ ಕಿತ್ತುಹಾಕಬೇಕಾಯಿತು. 2020ರಲ್ಲಿ ಹಳೆಯ ಬೋರ್ಡ್‌ಗಳಿಗೆ ಹೊಸ ಪೀಳಿಗೆ ಇಲ್ಲ ಎಂದ ಎಎಂಡಿ, ಗಲಾಟೆಯಾದ ಮೇಲೆ ಮೊದಲು ಬಿ-450ಗೂ, 2022ರಲ್ಲಿ ಬಿ-350ಗೂ ಒಪ್ಪಿತು. ಹುಡುಗ ಬಯಾಸ್ ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ ರೈಜೆನ್ 5 5600 ಕೂರಿಸಿದ. ನನ್ನ ಎರಡು ಸಾವಿರ ಇನ್ನೂ ಓಡುತ್ತಿದೆ.

ಆ ಹೊಸ ಚಿಪ್‌ನಲ್ಲಿ ಅವನು ಕೈಯಾರೆ ಏರಿಸಲು ಹೋದರೆ ಸಿಗುವುದು ಅಷ್ಟಕ್ಕಷ್ಟೆ. ಈಗಿನ ಪ್ರೊಸೆಸರುಗಳು ಬಿಸಿ, ಕರೆಂಟು ನೋಡಿಕೊಂಡು ತಮ್ಮ ವೇಗವನ್ನು ತಾವೇ ತುದಿಯವರೆಗೆ ಏರಿಸಿಕೊಳ್ಳುತ್ತವೆ. ಕಂಪನಿಯೇ ಹಿಂಡಿ ಮಾರುತ್ತಿದೆ, ನಮಗೆ ಬಿಟ್ಟದ್ದು ಹಿಪ್ಪೆ. ಬೋರ್ಡ್ ಕಂಪನಿಗಳು ಸ್ಪರ್ಧೆಗೆ ಬಿದ್ದು ಡಬ್ಬಿಯಿಂದ ತೆಗೆದ ಬೋರ್ಡಿನಲ್ಲೇ ಪವರ್ ಮಿತಿ ಸಡಿಲ ಬಿಟ್ಟಿರುತ್ತವೆ. 2024ರಲ್ಲಿ ಇಂಟೆಲ್‌ನ 13, 14ನೇ ಪೀಳಿಗೆಯ ಮೇಲ್ದರ್ಜೆಯ ಚಿಪ್‌ಗಳು ಕ್ರ್ಯಾಶ್ ಆಗತೊಡಗಿದಾಗ ಮೊದಲು ಅನುಮಾನ ಬಂದದ್ದು ಈ ಬೋರ್ಡ್‌ಗಳ ಮೇಲೆ. ಆಮೇಲೆ ಇಂಟೆಲ್ ತನ್ನದೇ ಮೈಕ್ರೋಕೋಡ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತೆಂದು ಒಪ್ಪಿ, ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಬೋರ್ಡ್‌ಗಳಿಗೂ ಮಿತಿ ಬಿಗಿ ಮಾಡಿದ ಹೊಸ ಬಯಾಸ್ ಬಂದವು.

ಹಾಗಾಗಿ ಈಗ ಗಿರಾಕಿಯ ಹೊಸ ಬೋರ್ಡ್ ಮೇಜಿಗೆ ಬಂದರೆ ವಿಂಡೋಸ್ ಹಾಕುವ ಮೊದಲೇ ಡಿಲೀಟ್ ಕೀ ಒತ್ತಿ ಬಯಾಸಿಗೆ ಹೋಗಿ, ಪವರ್ ಲಿಮಿಟ್ ಇಳಿಸಿ, ವೋಲ್ಟೇಜ್ ಒಂದು ಹೆಜ್ಜೆ ಕೆಳಗೆ ತಂದು, ಮಧ್ಯಾಹ್ನ ಫ್ಯಾನ್ ಆಫ್ ಮಾಡಿ ಓಡಿಸಿ ನೋಡುತ್ತೇನೆ. ಹತ್ತು ಹದಿನೈದು ಡಿಗ್ರಿ ತಣ್ಣಗಿರುತ್ತದೆ. ಬಳ್ಳಾರಿಗೆ ಅಷ್ಟು ಬೇಕು.